ಮೊದಲು ನನಗೆ ಹೊಡಿ

ಕುರ್ಲಾದ ನಮ್ಮ ಸಾಲುಮನೆಗಳ ಚಾಳಿನಲ್ಲಿ ಮಂಗಳೂರು ಕಡೆಯ ಕ್ರೈಸ್ತ ನರ್ಸ್ ಒಬ್ಬರಿದ್ದರು. ಯಾರು ಜಗಳಕ್ಕೆ ಬಂದರೂ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಹೆದರಿಕೆ ಅಲ್ಲ ಮಾರಾಯ, ನಾನು ಹೊಡೆಯುವುದಿಲ್ಲ ಅಷ್ಟೇ" ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಚಾಳಿನ ಮೂಲೆಯ ಶಿಲುಬೆಯನ್ನು ಯಾರೋ ಒಬ್ಬ ಕಲ್ಲಿನಿಂದ ಒಡೆದ. ನರ್ಸ್ ಹೋಗುವ ಚರ್ಚಿನ ಹುಡುಗರು ಅವನನ್ನು ಹಿಡಿದು ತಲೆ ಒಡೆದರು. ಮತ್ತೆ ಹೊಡೆಯಲು ದೊಣ್ಣೆ ಎತ್ತಿದವನು ನರ್ಸ್ ಅವರ ಮಗನೇ. ನರ್ಸ್ ಓಡಿಬಂದು ನಡುವೆ ನಿಂತರು.

"ಮಮ್ಮಿ, ಬಾಜು ಹೋಗು! ನಮ್ಮ ಏಸುವಿಗೆ ಮಾಡಿದ ಅವಮಾನ ಇದು."

"ಏಸು ಪೆಟ್ಟು ತಿಂದವನು, ಕೊಟ್ಟವನಲ್ಲ. ಹೊಡೆಯಲೇಬೇಕಾ? ಮೊದಲು ನನಗೆ ಹೊಡಿ."

ನರ್ಸ್ ಆ ಮನುಷ್ಯನ ತಲೆಗೆ ಪಟ್ಟಿ ಕಟ್ಟಿ, ಎಲ್ಲರ ಎದುರೇ ಅವನ ಕೈಹಿಡಿದು ಪೊಲೀಸ್ ಸ್ಟೇಷನ್ನಿನತ್ತ ಹೊರಟರು. ಮಗ ದೊಣ್ಣೆ ಬಿಸಾಡಿ ಹಿಂದೆಯೇ ನಡೆದ.