ಸಾಸಲು ತಿರುವಿನ ಬೋರ್ಡು

ಕಣ್ಣಿನ ಡಾಕ್ಟರ ಗೋಡೆಯ ಮೇಲೆ ಅಕ್ಷರಗಳ ಹಲಗೆಯೊಂದು ಇರುತ್ತದಲ್ಲ, ಮೇಲೆ ದೊಡ್ಡವು, ಕೆಳಕೆಳಗೆ ಇರುವೆ ಸಾಲು, ಅದನ್ನು ಕಂಡರೆ ನಿಮಗೆ ಏನನ್ನಿಸುತ್ತದೋ ಗೊತ್ತಿಲ್ಲ. ಹೋದ ತಿಂಗಳು ಅದರ ಮುಂದೆ ಕೂತಾಗ ನನಗೆ ಸ್ಕೂಟರಿನ ಪೆಟ್ರೋಲ್ ವಾಸನೆ ಬಂದಂತಾಯಿತು. "ಓದಿ ಅಮ್ಮಾ" ಎಂದರು ಡಾಕ್ಟರು. ನಾನು ಕುರ್ಚಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಸ್ಕೂಟರ್ ಹೊರಡಲಿ ಎಂದು ಕಾಯುತ್ತಿದ್ದೆನೇನೋ!

ನಮ್ಮ ಯಜಮಾನರು ಹೆದ್ದಾರಿ ಬೋರ್ಡು ತಯಾರಿಸುವ ಕಾರ್ಖಾನೆಯಲ್ಲಿದ್ದರು. ಊರ ಹೆಸರುಗಳನ್ನು ಯಾವ ಬಗೆಯ ಕನ್ನಡ ಅಕ್ಷರದಲ್ಲಿ ಹಾಕಿಸಬೇಕೆಂದು ಆರಿಸುವುದು ಅವರ ಕೆಲಸ. ನಮ್ಮದು ದೊಡ್ಡಬಳ್ಳಾಪುರದ ನೇಕಾರರ ಮನೆ. "ಎಲ್ರೂ ಸೀರೆ ಆರಿಸ್ತಾರೆ, ನನ್ ಮಗ ಅಕ್ಷರ ಆರಿಸ್ತಾನೆ" ಎಂದು ನಮ್ಮತ್ತೆ ಮಗ್ಗದ ಸದ್ದಿಗಿಂತ ಜೋರಾಗಿ ಹೇಳುತ್ತಿದ್ದರು. ಹೆಮ್ಮೆಯೋ ಬೇಜಾರೋ ತಿಳಿಯುತ್ತಿರಲಿಲ್ಲ.

ಭಾನುವಾರ ನನ್ನ ಡ್ಯೂಟಿ. ರಾಜಘಟ್ಟದ ಕಡೆಯ ಖಾಲಿ ರಸ್ತೆಯಲ್ಲಿ ಹುಣಸೆಮರಕ್ಕೆ ಮಾದರಿ ಬೋರ್ಡು ಕಟ್ಟಿ, ನನ್ನನ್ನು ಹಿಂದೆ ಕೂರಿಸಿಕೊಂಡು ಬಲು ದೂರದಿಂದ ಸ್ಕೂಟರ್ ಓಡಿಸಿಕೊಂಡು ಬರುತ್ತಿದ್ದರು. ಹೆಸರು ಓದಲು ಬಂದ ತಕ್ಷಣ ನಾನು "ಕಾಣ್ತು!" ಎಂದು ಕೂಗಬೇಕು. ಅವರು ಬ್ರೇಕ್ ಹಾಕಿ ಅಲ್ಲೇ ಸುಣ್ಣದ ಗೆರೆ ಎಳೆಯುವರು. ಯಾವ ಅಕ್ಷರದ ಗೆರೆ ಮರದಿಂದ ಹೆಚ್ಚು ದೂರವೋ ಅದು ಗೆದ್ದಂತೆ. ಬೇರೆ ಹೆಂಗಸರು ಸಿನಿಮಾಕ್ಕೆ ಹೋಗುತ್ತಿದ್ದರು. ನಾನು ಕನಕಾಂಬರ ಮುಡಿದು ಬೋರ್ಡು ನೋಡಲು ಹೋಗುತ್ತಿದ್ದೆ.

ನನಗೆ ಇಷ್ಟವಾದ ಬಳುಕುವ ಅಕ್ಷರಗಳೆಲ್ಲ ಸೋತವು. ದಪ್ಪದವು ಹತ್ತಿರಕ್ಕೆ ಗತ್ತಾಗಿದ್ದರೂ ದೂರಕ್ಕೆ ಬರೀ ಉಂಡೆ. ನಮ್ಮೂರಿನ ಹೆಸರಂತೂ ಅದರ ಎರಡು ಒತ್ತುಗಳಿಂದ ಅವರ ನಿದ್ದೆಗೆಡಿಸಿತ್ತು. "ಚೆಂದ ಯಾಕೆ ಬೇಕೇ, ಮದ್ವೆ ಕಾರ್ಡಾ ಇದು? ಜನ ದಾರಿ ತಪ್ಪದೆ ಇದ್ರೆ ಸಾಕು" ಎನ್ನುತ್ತಿದ್ದರು. ಹಾಗೆಂದವರೇ ಒಮ್ಮೆ ಬಾಣದ ಗುರುತಿನ ಬೋರ್ಡೊಂದನ್ನು ಮನೆಯ ಕಾಂಪೌಂಡಿಗೆ ಒರಗಿಸಿಟ್ಟರು. ಅದನ್ನು ನಂಬಿದ ಟೊಮೆಟೊ ಟೆಂಪೋ ನಮ್ಮ ಸಂದಿಯಲ್ಲಿ ಸಿಕ್ಕಿಕೊಂಡು, ಬೀದಿಯವರೆಲ್ಲ ಸೇರಿ ಹಿಂದಕ್ಕೆ ತಳ್ಳಬೇಕಾಯಿತು.

ನನ್ನ ತವರು ಸಾಸಲು. ಒಂದು ಭಾನುವಾರ ಆ ಹೆಸರಿನ ಬೋರ್ಡನ್ನೇ ಮರಕ್ಕೆ ಕಟ್ಟಿದರು. ಕಟ್ಟುವಾಗ ಹಗ್ಗ ಹಿಡಿದವಳು ನಾನೇ. ಸ್ಕೂಟರ್ ಹೊರಟಿದ್ದೇ ತಡ, "ಕಾಣ್ತು!" ಎಂದುಬಿಟ್ಟೆ.

"ಎಲ್ಲೇ ಕಾಣ್ತು? ಮರಾನೇ ಇನ್ನೂ ಸರಿಯಾಗ್ ಕಾಣ್ತಿಲ್ಲ."

"ನಂಗೆ ಕಾಣ್ತು ಕಣ್ರೀ."

"ನೀನು ಓದ್ತಿಲ್ಲ ಕಣೇ, ನೆನೆಸ್ಕೊಳ್ತಿದ್ದೀಯ. ಇದು ಲೆಕ್ಕಕ್ಕಿಲ್ಲ."

ಮತ್ತೆ ಹಿಂದಕ್ಕೆ ಹೋಗಿ ಮೊದಲಿಂದ ಬಂದೆವು. ಆದರೆ ಅವತ್ತು ಸಂಜೆ, ನಾನು ಕೇಳದೆಯೇ, ಸ್ಕೂಟರನ್ನು ಸಾಸಲಿನ ಕಡೆ ತಿರುಗಿಸಿದರು.

ಅವರು ತೀರಿಹೋದ ಮೇಲೆ ನನ್ನ ಕಣ್ಣಿಗೆ ಪೊರೆ ಬಂತು. ನೋಡಲೇಬೇಕಾದ್ದು ಇನ್ನೇನಿದೆ ಎಂಬ ಹಟದಲ್ಲಿ ಆಪರೇಷನ್ ಮುಂದಕ್ಕೆ ಹಾಕುತ್ತಲೇ ಇದ್ದೆ. ಕಡೆಗೆ ಮಗಳು ಸುಮಾ ಹೇಳಿದಳು: "ಅಮ್ಮಾ, ರೋಡ್ ಅಗಲ ಮಾಡ್ತಿದಾರೆ. ಅಪ್ಪನ ಬೋರ್ಡೆಲ್ಲ ಕಿತ್ತಾಕಿ ಬೇರೆ ಥರ ಅಕ್ಷರದ್ದು ಹಾಕ್ತಿದಾರೆ. ಸಾಸಲು ತಿರುವಲ್ಲಿ ಒಂದೇ ಉಳ್ಕೊಂಡಿರೋದು." ಮಾರನೆಯ ದಿನವೇ ಹೋಗಿ ಡಾಕ್ಟರ ಮುಂದೆ ಕೂತೆ.

ನಿನ್ನೆ ಸುಮಾ ಕಾರಿನಲ್ಲಿ ಕರೆದುಕೊಂಡು ಹೋದಳು. ಫೋನಿನೊಳಗಿನ ಹೆಂಗಸು ಎಡಕ್ಕೆ, ಬಲಕ್ಕೆ ಎಂದು ದಾರಿ ಹೇಳುತ್ತಿದ್ದಳು. "ಅವಳ ಬಾಯಿ ಮುಚ್ಸೇ" ಎಂದೆ. ಆಪರೇಷನ್ ಆದ ಹೊಸ ಕಣ್ಣಿಗೆ ಬೇಲಿಯ ಎಲೆ ಎಲೆಯೂ ಕಾಣುತ್ತಿತ್ತು. ಬಹಳ ದೂರದಲ್ಲಿ ಹಸಿರು ಚುಕ್ಕೆಯೊಂದು ಮೂಡಿತು.

"ಕಾಣ್ತು!"

ಸುಮಾ ಗಾಬರಿಯಿಂದ ಕಾರನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿದಳು. "ಎಲ್ಲಮ್ಮಾ? ನಂಗೇ ಕಾಣ್ತಿಲ್ವಲ್ಲ."

ಇದು ಲೆಕ್ಕಕ್ಕಿಲ್ಲ ಎನ್ನುವವರು ಮುಂದಿನ ಸೀಟಿನಲ್ಲಿ ಇರಲಿಲ್ಲ. ಅವರು ಬೇಕೆನ್ನಿಸಿ ಅಳು ಬಂತು. ಸೆರಗಿನಿಂದ ಹೊಸ ಕಣ್ಣು ಒರೆಸಿಕೊಂಡೆ.

"ತಿರುಗಿಸ್ಕೊಂಡು ಹಿಂದಕ್ಕೆ ನಡಿಯೇ," ಎಂದೆ, "ಮೊದಲಿಂದ ಬರೋಣ. ಈ ಸಲ ಸರಿಯಾಗಿ ಓದ್ತೀನಿ."