ರೊಟ್ಟಿಯ ಚೂರು ಹೋದ ದಾರಿ

ನಮ್ಮ ಪಕ್ಕದ ಮನೆಯ ಹೋಸಿಯತ್ ಅಜ್ಜಿ ನೆಲದಲ್ಲಿ ರೊಟ್ಟಿಯ ಚೂರು ಕಂಡರೆ ಎತ್ತಿ, ಮುತ್ತಿಟ್ಟು, ಹಣೆಗೊತ್ತಿಕೊಂಡು, ಗುಬ್ಬಿಗೆ ಸಿಗುವಂತೆ ಗೋಡೆಯ ಮೇಲಿಡುತ್ತಿದ್ದಳು. ನಾವೂ ಇಡುತ್ತೇವೆ ಬಿಡಿ. ನಮ್ಮ ಊರು ಕೊಕಂದ್‌ನಲ್ಲಿ ರೊಟ್ಟಿ ತುಳಿಯುವವರು ಯಾರಿದ್ದಾರೆ? ಆದರೆ ಆಕೆ ಇಡುವುದನ್ನು ಇಡೀ ಕೇರಿ ನೋಡಬೇಕಿತ್ತು.

ನಗರದ ಒಳಚರಂಡಿ ನಮ್ಮ ಬೀದಿಗೆ ಬಂದಾಗ ಎಲ್ಲರಿಗಿಂತ ಮೊದಲು ಗುತ್ತಿಗೆದಾರನನ್ನು ಕರೆಸಿದವಳು ಆಕೆಯ ಸೊಸೆ ಝೆಬಿನಿಸೊ. ಅಂಗಳದ ತುದಿಯ ಹಲಗೆ ಕಕ್ಕಸಿಗೆ ಚಳಿಯಲ್ಲಿ ಕೂಸನ್ನೆತ್ತಿಕೊಂಡು ಓಡಿ ಓಡಿ ಆ ಹುಡುಗಿಗೆ ಸಾಕಾಗಿತ್ತು. ಗುತ್ತಿಗೆದಾರ ತುರೋಬ್ ಬಂದು ಅಳತೆ ಹಿಡಿದ.

“ಅಡುಗೆಮನೆ, ಒಳಗೆ ಕಟ್ಟೋ ಹೊಸ ಕಕ್ಕಸು ಎರಡನ್ನೂ ಒಂದೇ ಪೈಪಿಗೆ ಸೇರ್ಸಿ ಬೀದಿಗೆ ಬಿಡ್ತೀನಿ.”

“ಏನಂದೆ?” ಅಜ್ಜಿ ಎದ್ದೇ ನಿಂತಳು. “ರೊಟ್ಟಿ ತಟ್ಟೆ ತೊಳೆದ ನೀರು ಆ ಹೊಲಸಿನ ಜೊತೆ ಹೋಗೋದಾ? ನಿಮ್ಮಮ್ಮ ನಿಂಗೆ ರೊಟ್ಟಿ ತಿನ್ಸಿ ಬೆಳೆಸ್ಲಿಲ್ವೇನೋ?”

“ಹಾಗಾದ್ರೆ ಅಡುಗೆಮನೆ ನೀರಿಗೆ ಅಂಗಳದಲ್ಲೇ ಬೇರೆ ಗುಂಡಿ ತೋಡ್ಬೇಕು. ಕೆಲ್ಸ ತಡ ಆಗುತ್ತೆ.”

“ಆಗ್ಲಿ. ತೋಡು.”

ಅಷ್ಟು ಹೇಳಿ ಆಕೆ ಮಗಳ ಬಾಣಂತನಕ್ಕೆಂದು ಮರ್ಗಿಲಾನಿಗೆ ಹೋದಳು. ಬೀದಿಯವರೆಗೆ ಪೈಪು ಹಾಕುವಷ್ಟರಲ್ಲಿ ನೆಲ ಹೆಪ್ಪುಗಟ್ಟತೊಡಗಿತು. ಗುಂಡಿ ಬೇಕಿದ್ದರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ವಸಂತಕ್ಕೆ ಬರುತ್ತೇನೆ ಎಂದ ತುರೋಬ್. ಕೂಸಿಗೆ ಕೆಮ್ಮು ಬೇರೆ. “ಎರಡೂ ಸೇರ್ಸಿಬಿಡಿ, ಅತ್ತೆಗೆ ನಾನು ಹೇಳ್ತೀನಿ” ಎಂದಳು ಝೆಬಿನಿಸೊ. ಹೇಳುವ ಮನಸ್ಸೇ ಇತ್ತಂತೆ. ಎಲ್ಲ ಬಯಲಾದ ಮೇಲೆ ನನ್ನೆದುರು ಅತ್ತುಕೊಂಡು ಹೇಳಿದಳು. ಆದರೆ ಅತ್ತೆ ಬಂದವಳೇ “ಗುಂಡಿ ಎಲ್ಲಿ?” ಎಂದಾಗ ಬಾಯಿಂದ ಬಂದದ್ದೇ ಬೇರೆ: “ಅಲ್ಲೇ ಅಮ್ಮ, ದ್ರಾಕ್ಷಿ ಚಪ್ಪರದ ಕೆಳಗೆ. ಮುಚ್ಚಿದ್ದಾರೆ.” ವಸಂತ ಬಂದಾಗ ತೋಡಿಸಬಹುದಿತ್ತು. ಆದರೆ ಇದೆ ಎಂದು ಹೇಳಿದ ಗುಂಡಿಯನ್ನು ತೋಡಿಸುವುದು ಹೇಗೆ?

ಅಂದಿನಿಂದ ಅಜ್ಜಿಯ ಜಂಬ ಕೇಳಬೇಕು. ಮದುವೆಮನೆಯಿರಲಿ, ಸಾವಿನ ಮನೆಯಿರಲಿ, ಅದೇ ರಾಗ: “ನಿಮ್ಮನೆ ರೊಟ್ಟಿ ನೀರು ಎಲ್ಲಿಗೆ ಹೋಗುತ್ತೋ ನಂಗೊತ್ತಿಲ್ಲಮ್ಮ. ನಮ್ಮ ಝೆಬಿನಿಸೊ ಬೇರೆ ದಾರಿ ಮಾಡ್ಸಿದಾಳೆ. ಸೊಸೆ ಅಂದ್ರೆ ಹಾಗಿರ್ಬೇಕು.” ಪ್ರತಿ ಸಲವೂ ಝೆಬಿನಿಸೊ ತಲೆ ತಗ್ಗಿಸುತ್ತಿದ್ದಳು. ಎಂಥ ವಿನಯ ಎಂದುಕೊಂಡೆವು ನಾವು.

ಮರುವರ್ಷ ನಾವೂ ತುರೋಬನನ್ನೇ ಕರೆಸಿದೆವು. ಕೆಲಸ ಮುಗಿದ ದಿನ ಅವನಿಗೆಂದು ಪಲಾವು ಮಾಡಿ, ಕೇರಿಯ ಹೆಂಗಸರ ಜೊತೆಗೆ ಆ ಅತ್ತೆ ಸೊಸೆಯರನ್ನೂ ಕರೆದಿದ್ದೆ. ಅಜ್ಜಿ ಎಂದಿನಂತೆ ಶುರುಮಾಡಿದಳು.

“ಏನಪ್ಪ ತುರೋಬ್, ಇವ್ರಿಗೂ ನಮ್ಮನೆ ಥರಾನೇ ಗುಂಡಿ ಮಾಡ್ಕೊಟ್ಯಾ?”

“ಯಾವ ಗುಂಡಿ? ನಿಮ್ಮಲ್ಲೂ ಎರಡಕ್ಕೂ ಒಂದೇ ಪೈಪಲ್ವಾ ಅಜ್ಜಿ? ನಿಮ್ಮ ಸೊಸೇನೇ ತಾನೆ ಹೇಳಿದ್ದು?” ಎಂದ ಅವನು, ಬಾಯಿ ತುಂಬ ಪಲಾವು ಇಟ್ಟುಕೊಂಡು.

ಚಹಾ ಬಗ್ಗಿಸುತ್ತಿದ್ದ ಝೆಬಿನಿಸೊ ಬಟ್ಟಲು ತುಂಬಿ ಹರಿದರೂ ಕೈ ಹಿಂದೆಗೆಯಲಿಲ್ಲ. ನನಗೇ ನಾಚಿಕೆಯಾಗಿ ಭೂಮಿ ಬಾಯಿಬಿಡಬಾರದೇ ಎನ್ನಿಸಿತು, ಅವಳಿಗೆ ಹೇಗಾಗಿರಬೇಡ! ಯಾರೂ ನಗಲಿಲ್ಲ. ಯಾರಾದರೂ ನಕ್ಕಿದ್ದರೆ ಅಜ್ಜಿ ಒಂದು ಮಾತು ಬಿಸಾಕಿ ಪಾರಾಗುತ್ತಿದ್ದಳು. ಆಕೆ “ತಿನ್ನಪ್ಪ, ಆರಿಹೋಗುತ್ತೆ” ಎಂದಷ್ಟೇ ಹೇಳಿ ಎದ್ದು ಹೋದಳು.

ಮನೆಯಲ್ಲಾದರೂ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಮರುದಿನ ಗೋಡೆಯಾಚೆ ನೋಡುತ್ತೇನೆ, ಪಾತ್ರೆ ತೊಳೆದ ನೀರನ್ನು ಬಕೆಟ್ಟಿಗೆ ತುಂಬಿಕೊಂಡು, ಒಂದು ಕೈಯಲ್ಲಿ ಸೊಂಟ ಹಿಡಿದು, ಮುದುಕಿ ಅಂಗಳದ ಮೂಲೆಗೆ ನಡೆಯುತ್ತಿದ್ದಾಳೆ. ಝೆಬಿನಿಸೊ ಹಿಂದೆಯೇ ಓಡಿಬಂದಳು.

“ಕೊಡಿ ಅಮ್ಮ, ನಾನು ಸುರೀತೀನಿ. ದಿನಾ ನಾನೇ ಸುರೀತೀನಿ.”

“ಬೇಡ ಮಗಳೇ” ಎಂದಳು ಅಜ್ಜಿ. ದನಿಯಲ್ಲಿ ಸಿಟ್ಟಿರಲಿಲ್ಲ. “ಎಲ್ಲಿ ಸುರಿದೆ ಅಂತ ನಾನು ಮತ್ತೆ ಊರೋರ್ನ ಕೇಳ್ಬೇಕಾಗುತ್ತೆ.”