ದೊಡ್ಡಮ್ಮ ಎಣ್ಣೆ ಹಚ್ಚಿದ ಪುಸ್ತಕಗಳು

ನಿಮ್ಮ ಮನೆಯಲ್ಲಿ ಯಾರಾದರೂ ಪುಸ್ತಕಕ್ಕೆ ಎಣ್ಣೆ ಹಚ್ಚಿದ್ದುಂಟಾ? ತಲೆಯ ಎಣ್ಣೆ ಕೈಯಿಂದ ಪುಟಕ್ಕೆ ತಾಗಿದ್ದನ್ನು ಹೇಳುತ್ತಿಲ್ಲ. ಬಟ್ಟಲಲ್ಲಿ ಎಣ್ಣೆ ಇಟ್ಟುಕೊಂಡು, ಹತ್ತಿ ಅದ್ದಿ, ಒಂದೊಂದೇ ಹಾಳೆಗೆ, ಪ್ರೀತಿಯಿಂದ. ನಮ್ಮಲ್ಲಿ ಹಚ್ಚಿದ್ದಾರೆ. ಎಂಬತ್ತರ ದಶಕದಲ್ಲಿ, ಕಾರ್ಕಳದಲ್ಲಿ, ನನ್ನ ಸೋದರಮಾವನ ಪುಸ್ತಕಗಳಿಗೆ.

ಮಾವ ಯಾರು ಅಂತ ಮೊದಲು ಹೇಳಬೇಕು. ಅಮ್ಮನ ತವರು ಜೈನರ ಹಳೆಯ ಬೀಡು, ಅಂದರೆ ಜಮೀನ್ದಾರರ ದೊಡ್ಡ ಮನೆ. ಎಪ್ಪತ್ತರ ದಶಕದಲ್ಲಿ ಉಳುವವನೇ ಒಡೆಯ ಅಂತ ಕಾನೂನು ಬಂತು, ಗೇಣಿಯವರು ಡಿಕ್ಲರೇಶನ್ ಕೊಟ್ಟರು, ಗದ್ದೆಗಳು ಅವರ ಹೆಸರಿಗಾದವು. ಯಜಮಾನನಾಗಿದ್ದ ಮಾವ ಜಗಳಕ್ಕೂ ಹೋಗಲಿಲ್ಲ, ಕೋರ್ಟಿಗೂ ಹೋಗಲಿಲ್ಲ. ಟೇಪು, ಟಾರ್ಚು ಹಿಡಿದು ಬಸದಿಗಳಿಗೆ ಹೋದರು. ಕಂಬದ ಕೆತ್ತನೆ, ಕಂಚಿನ ಬಿಂಬ, ಬಾಗಿಲುವಾಡದ ಬಳ್ಳಿ, ಎಲ್ಲದರ ಅಳತೆ ತೆಗೆದು ಬರೆಯುತ್ತಿದ್ದರು. ಹೆಬ್ರಿಯ ಆಚೆ ಪಾಳುಬಿದ್ದ ಬಸದಿ ಉಂಟು ಅಂತ ಯಾರಾದರೂ ಹೇಳಿದರೆ ಸಾಕು, ಬೆಳಿಗ್ಗೆಯ ಬಸ್ಸಿಗೆ ಹೊರಟರು. ಉಳಿದ ಹೊತ್ತಿನಲ್ಲಿ ಪುಸ್ತಕ. ಮುಂಬಯಿಯಿಂದ ಪಾರ್ಸೆಲ್ ಬರುತ್ತಿತ್ತು, ಖಾಲಿಯಾದ ಬಂಗಲೆಗಳ ಕಪಾಟಿನಿಂದ ಬರುತ್ತಿತ್ತು. ಚಿತ್ರಕಲೆ, ಶಿಲ್ಪ, ಹೆಚ್ಚಿನವು ನೂರು ವರ್ಷ ಹಳೆಯ ಇಂಗ್ಲಿಷ್ ಪುಸ್ತಕಗಳು.

ಮಾವ ಮದುವೆಯಾಗಲಿಲ್ಲ. ಗಂಡ ತೀರಿದ ಮೇಲೆ ಬೀಡಿಗೆ ಬಂದಿದ್ದ ಅವರ ಅಕ್ಕ, ಅಂದರೆ ನನ್ನ ದೊಡ್ಡಮ್ಮ, ಮನೆ ನಡೆಸುತ್ತಿದ್ದರು. "ಹೆಣ್ಣು ನೋಡ್ಲಿಕ್ಕೆ ಕರೆದ್ರೆ ಬರುದಿಲ್ಲ. ಕಲ್ಲಿನ ಯಕ್ಷಿ ಅಂತ ಹೇಳಿದ್ರೆ ಟೇಪ್ ಹಿಡ್ಕೊಂಡು ಓಡ್ತಾನೆ," ಎನ್ನುತ್ತಿದ್ದರು. ನಮ್ಮ ಮನೆ ಕಾಪುವಿನಲ್ಲಿ. ನಾನು ಬಿ.ಎ. ಓದಲಿಕ್ಕೆ ಅಂತ ಬೀಡಿನಲ್ಲೇ ಉಳಿದಿದ್ದೆ.

ಮಾವನಿಗೆ ಒಬ್ಬ ಹೀರೋ ಇದ್ದ. ವಿಕ್ಟೋರಿಯಾ ರಾಣಿಯ ಕಾಲದ ಒಬ್ಬ ಇಂಗ್ಲಿಷ್ ಲಾರ್ಡ್. ಇಟಲಿಯ ಚಿತ್ರಗಳ ಬಗ್ಗೆ ದಪ್ಪ ದಪ್ಪ ಸಂಪುಟ ಬರೆದವನು, ಮನೆ ತುಂಬ ಪುಸ್ತಕ ತುಂಬಿದವನು. ಆ ಸಂಪುಟಗಳು ಮಾವನ ಕಪಾಟಿನ ಕೆಳಗಿನ ಖಾನೆಯಲ್ಲಿದ್ದವು, ಕೈಗೆ ಸಿಗುವ ಹಾಗೆ. ಊಟಕ್ಕೆ ಕೂತರೆ ಲಾರ್ಡಿನ ಕತೆ. ಅವನು ಸತ್ತ ಮೇಲೆ ಪುಸ್ತಕಗಳೆಲ್ಲ ಹರಾಜಾಗಿ ಊರಿಗೊಂದು ಹೋದವಂತೆ.

"ಒಂದು ಕೈ ಸೇರಿಸಿದ್ದನ್ನು ನೂರು ಕೈ ಬಿಡಿಸಿತು," ಎಂದು ಮಾವ ಪ್ರತಿ ಸಲ ಹೇಳುತ್ತಿದ್ದರು.

"ಅವನಿಗಾದ್ರೂ ಮಾರ್ಲಿಕ್ಕೆ ಮಕ್ಕಳಿದ್ರು ಮಾರಾಯ," ಎಂದು ದೊಡ್ಡಮ್ಮ ಅನ್ನ ಬಡಿಸುತ್ತಾ ಹೇಳುತ್ತಿದ್ದರು. "ನಿನ್ನದು ಮಾರುವವರೂ ಇಲ್ಲ."

ಮಾವನಿಗೆ ಇದ್ದದ್ದು ಒಂದೇ ಆಸೆ. ತನ್ನ ಪುಸ್ತಕಗಳು ಒಟ್ಟಿಗೆ ಇರಬೇಕು, ಒಂದೂ ಬೇರೆಯಾಗಬಾರದು. ಕೊನೆಗೆ ಉಡುಪಿಯ ಕಡೆಯ ಒಂದು ಕಾಲೇಜಿನ ಲೈಬ್ರರಿಯವರು ಒಪ್ಪಿದರು. ಎಲ್ಲವನ್ನೂ ತೆಗೆದುಕೊಳ್ಳುತ್ತೇವೆ, ಬೇರೆ ಕೋಣೆ ಕೊಡುತ್ತೇವೆ, ಒಮ್ಮೆ ಬಂದು ನೋಡುತ್ತೇವೆ ಎಂದರು. ಅಷ್ಟರಲ್ಲಿ ಮಾವನಿಗೆ ಹರ್ನಿಯಾ ಆಪರೇಷನ್ ಆಗಬೇಕಾಯಿತು. ಮಣಿಪಾಲದಲ್ಲಿ ಅಡ್ಮಿಟ್ ಮಾಡಿದೆವು. ಮನೆಯಲ್ಲಿ ಸೋಸಿದ ನೀರು ಬಿಟ್ಟು ಬೇರೆ ಕುಡಿಯದ ದೊಡ್ಡಮ್ಮ ಆಸ್ಪತ್ರೆಯಲ್ಲಿ ನಿಲ್ಲುವ ಹಾಗಿರಲಿಲ್ಲ. ನಾನು ನಿಂತೆ.

ಬೀಡಿನ ದೇವರ ಕೋಣೆಯಲ್ಲಿ ತಾಳೆಗರಿಯ ಗ್ರಂಥಗಳಿದ್ದವು. ವರ್ಷಕ್ಕೊಮ್ಮೆ ಶ್ರುತಪಂಚಮಿಯ ದಿನ ಅವನ್ನು ಹೊರಗೆ ತೆಗೆದು, ಧೂಳು ಒರೆಸಿ, ಕೊರೆದ ಅಕ್ಷರ ಕಾಣುವ ಹಾಗೆ ಮಸಿ ತಿಕ್ಕಿ, ನಿಂಬೆಹುಲ್ಲಿನ ಎಣ್ಣೆ ಹಚ್ಚಿ, ಹೊಸ ಬಟ್ಟೆಯಲ್ಲಿ ಕಟ್ಟಿಡುವುದು ಪದ್ಧತಿ. ಎಣ್ಣೆ ಕುಡಿದರೆ ಗರಿ ಒಡೆಯುವುದಿಲ್ಲ, ಹುಳ ಬರುವುದಿಲ್ಲ. ದೊಡ್ಡಮ್ಮನಿಗೆ ಅವರ ಅಜ್ಜಿ ಕಲಿಸಿದ ಕೆಲಸ ಇದು.

ನಾವು ಆಸ್ಪತ್ರೆಯಿಂದ ಟ್ಯಾಕ್ಸಿಯಲ್ಲಿ ಬಂದು ಜಗಲಿ ಹತ್ತುವಾಗಲೇ ಆ ಎಣ್ಣೆಯ ವಾಸನೆ ಬಂತು.

"ಎಂತ ಅಕ್ಕ ಇದು, ಈಗ ಶ್ರುತಪಂಚಮಿಯಾ?" ಎಂದು ಮಾವ ಕೇಳಿದರು.

"ನಿನ್ನ ಪುಸ್ತಕ ನೋಡ್ಲಿಕ್ಕೆ ಜನ ಬರ್ತಾರಲ್ಲ. ಹಾಗೇ ಇಟ್ರೆ ನಮ್ಮ ಮನೆ ಮರ್ಯಾದೆ ಎಂತ ಆಗ್ಬೇಕು? ಎಣ್ಣೆ ಕೊಟ್ಟೆ. ಎಲ್ಲದಕ್ಕೆ ಆಗ್ಲಿಲ್ಲ, ನಿನ್ನ ಆ ಚಿತ್ರದ್ದಕ್ಕೆಲ್ಲ ಆಯ್ತು. ಹರಳೆಣ್ಣೆ ಸ್ವಲ್ಪ ಸೇರಿಸಿದ್ದೇನೆ, ಗಟ್ಟಿ ನಿಲ್ತದೆ. ಮಸಿ ಹಚ್ಚಲಿಲ್ಲ, ಅಚ್ಚಿನ ಅಕ್ಷರ ಕಪ್ಪೇ ಉಂಟಲ್ಲ."

ಕೆಳಗಿನ ಖಾನೆಯ ಪುಸ್ತಕಗಳೆಲ್ಲ ಕೆಂಪು ಬಟ್ಟೆಯಲ್ಲಿ ಸಾಲಾಗಿ ಕೂತಿದ್ದವು. ಮಾವ ಒಂದರ ಗಂಟು ಬಿಚ್ಚಿದರು. ಲಾರ್ಡಿನ ಸಂಪುಟ. ಕಾಗದ ಎಣ್ಣೆ ಕುಡಿದು, ಹೋಟೆಲಿನಲ್ಲಿ ಬೋಂಡ ಕಟ್ಟಿಕೊಟ್ಟ ಪೇಪರಿನ ಹಾಗೆ ಪಾರದರ್ಶಕವಾಗಿತ್ತು. ಚರ್ಚಿನ ಚಿತ್ರದೊಳಗಿಂದ ಹಿಂದಿನ ಪುಟದ ಅಕ್ಷರಗಳು ಉಲ್ಟಾ ಕಾಣುತ್ತಿದ್ದವು. ಬಣ್ಣದ ಚಿತ್ರದ ಮೇಲಿನ ತೆಳು ಹಾಳೆ ಚಿತ್ರಕ್ಕೇ ಅಂಟಿತ್ತು. ಮಾವ ಎಳೆದು ನೋಡಲಿಲ್ಲ. ಮುಚ್ಚಿ, ಮೊದಲಿದ್ದ ಹಾಗೆಯೇ ಗಂಟು ಹಾಕಿದರು.

"ತುಂಬಾ ಕೆಲಸ ಆಯ್ತಲ್ಲ ಅಕ್ಕ ನಿನಗೆ," ಎಂದರು.

"ಬೆರಳೆಲ್ಲ ಉರಿ ಮಾರಾಯ. ಒಂದು ಹುಳ ಬರ್ಲಿಕ್ಕಿಲ್ಲ ಇನ್ನು, ನೀನು ನೋಡು."

ಜೈನರ ಮನೆ, ಹೊತ್ತು ಮುಳುಗುವ ಮೊದಲು ಊಟ ಆಗಬೇಕಿತ್ತು. ಕೂತೆವು. ಮಾವ ಗಂಜಿ ಉಂಡರು, ಉಪ್ಪಿನಕಾಯಿ ಕೇಳಿ ಹಾಕಿಸಿಕೊಂಡರು. ನನಗೆ ಅಳು ಬರಬೇಕಿತ್ತು ಅಂತ ಈಗ ಅನಿಸುತ್ತದೆ. ಬರಲಿಲ್ಲ. ಗಂಜಿ ಬಿಸಿಯಾಗಿತ್ತು, ಅಷ್ಟೇ ನೆನಪು.

ಲೈಬ್ರರಿಯವರು ಬಂದರು. ಕನ್ನಡಕದ ಒಬ್ಬರು, ಸಜ್ಜನರು. ಎರಡು ಗಂಟು ಬಿಚ್ಚಿಸಿ ನೋಡಿದರು, ಬೆರಳನ್ನು ಕರವಸ್ತ್ರಕ್ಕೆ ಒರೆಸಿದರು. ದೊಡ್ಡಮ್ಮ ಕಾಫಿ ತರಲಿಕ್ಕೆ ಒಳಗೆ ಹೋದಾಗ ಮೆಲ್ಲಗೆ ಹೇಳಿದರು.

"ಯಜಮಾನರೇ, ಇದು ಬಿಟ್ಟು ಉಳಿದದ್ದೆಲ್ಲ ತೆಗೊಂಡು ಹೋಗ್ತೇವೆ. ಎಣ್ಣೆಯದ್ದು ಇಟ್ರೆ ಪಕ್ಕದ ಪುಸ್ತಕಕ್ಕೂ ಇಳೀತದೆ. ತಪ್ಪು ತಿಳ್ಕೊಳ್ಬೇಡಿ."

ಮಾವ ಬಿಚ್ಚಿದ ಗಂಟುಗಳನ್ನು ಮತ್ತೆ ಕಟ್ಟಿದರು. ದೊಡ್ಡಮ್ಮ ಲೋಟ ಹಿಡಿದು ಬಾಗಿಲಲ್ಲಿ ನಿಂತರು. "ಎಂತ, ಸರಿ ಇಲ್ವಾ?"

"ಎಲ್ಲ ಸರಿ ಉಂಟು ಅಕ್ಕ. ಇವರ ಕೋಣೆ ಸಣ್ಣದಂತೆ. ಒಳ್ಳೆಯದನ್ನು ನೀವೇ ಇಟ್ಕೊಳ್ಳಿ ಅಂತ ಹೇಳ್ತಿದ್ದಾರೆ."

ಕನ್ನಡಕದವರು ತಲೆ ಬಗ್ಗಿಸಿ ಕಾಫಿ ಕುಡಿದರು. ದೊಡ್ಡಮ್ಮನ ಮುಖದಲ್ಲಿ ಗೆದ್ದ ಕಳೆ. "ಮತ್ತೆ? ನಾನು ಎಣ್ಣೆ ಕೊಟ್ಟದ್ದು ಕೊಡ್ಲಿಕ್ಕಾ?"

ಮುಂದಿನ ವಾರ ಲಾರಿ ಬಂತು. ಉಳಿದ ಪುಸ್ತಕಗಳು ಹೋದವು. ಒಂದೂ ಬೇರೆಯಾಗಬಾರದು ಎಂದಿದ್ದ ಮಾವ ತಮ್ಮ ಕೈಯಿಂದಲೇ ಅವನ್ನು ಬೇರೆ ಮಾಡಿ, ಎತ್ತಿ ಲಾರಿಗೆ ಕೊಟ್ಟರು. ಲಾರ್ಡಿನ ಕತೆ ಊಟದ ಹೊತ್ತಿಗೆ ಮತ್ತೆ ಬರಲಿಲ್ಲ.

ಆಮೇಲಿನ ಶ್ರುತಪಂಚಮಿಗೆ ದೊಡ್ಡಮ್ಮ ತಾಳೆಗರಿಯ ಜೊತೆಗೆ ಆ ಪುಸ್ತಕಗಳನ್ನೂ ಹೊರಗೆ ತೆಗೆದರು. ಪದ್ಧತಿ ಅಂದಮೇಲೆ ಪದ್ಧತಿ. ಮಾವ ಎದುರು ಕೂತು ಒಂದೊಂದೇ ಪುಟ ಬಿಡಿಸಿ ಹಿಡಿದರು. ದೊಡ್ಡಮ್ಮ ಹಚ್ಚಿದರು. "ಇದಕ್ಕೆ ಸ್ವಲ್ಪ ಕಮ್ಮಿ ಸಾಕು ಅಕ್ಕ," ಎಂದು ಮಾವ ನಡುನಡುವೆ ಹೇಳುತ್ತಿದ್ದರು. "ನಿನಗೆಂತ ಗೊತ್ತು, ಹಿಡಿ ಸುಮ್ಮನೆ," ಎಂದು ಅವರು. ಮತ್ತೆ ಪ್ರತಿ ವರ್ಷವೂ ಹಾಗೆಯೇ.

ಒಮ್ಮೆ ಉಡುಪಿಯ ಬಸ್ಸಿನಲ್ಲಿ ಕೇಳಿದೆ, "ದೊಡ್ಡಮ್ಮನಿಗೆ ಒಂದು ಮಾತು ಹೇಳಬಾರದಿತ್ತಾ ಮಾವ?"

"ಹೇಳಿದ್ರೆ ಎಣ್ಣೆ ವಾಪಸ್ ಬರ್ತದಾ?" ಎಂದರು.

ಎಂಬತ್ತರ ದಶಕದ ಕೊನೆಗೆ ದೊಡ್ಡಮ್ಮ ಹೋದರು. ಇನ್ನು ಆ ನಾಟಕ ಯಾರಿಗೂ ಬೇಕಾಗಿರಲಿಲ್ಲ. ಆ ವರ್ಷದ ಶ್ರುತಪಂಚಮಿಗೆ ನಾನು ಕಾಪುವಿನಿಂದ ಹೋದಾಗ ಮಾವ ಬಟ್ಟಲು, ಹತ್ತಿ, ಕೆಂಪು ಬಟ್ಟೆ ಎಲ್ಲ ತೆಗೆದಿಟ್ಟು ಒಬ್ಬರೇ ಕೂತಿದ್ದರು. "ಬಾ, ಪುಟ ಹಿಡಿ," ಎಂದರು. ಹಿಡಿದೆ. ಲಾರ್ಡಿನ ಸಂಪುಟಕ್ಕೆ ಅವರೇ ಎಣ್ಣೆ ಹಚ್ಚಿದರು, ಅಂಚಿನಿಂದ ಅಂಚಿಗೆ, ದೊಡ್ಡಮ್ಮ ಹಚ್ಚಿದ ಹಾಗೆಯೇ. ನಾನು ಮುಂದಿನ ಪುಟ ಬಿಡಿಸಿ ಹಿಡಿದೆ.

ಮಾವನೂ ಹೋದ ಮೇಲೆ ಆ ಗಂಟುಗಳು ನನ್ನ ಪಾಲಿಗೆ ಬಂದವು. ಈಗ ಕಾಪುವಿನಲ್ಲಿ, ಸಮುದ್ರದ ಗಾಳಿಗೆ, ಕಬ್ಬಿಣದ ಕಪಾಟಿನಲ್ಲಿ ಉಂಟು. ಓದಲಿಕ್ಕೆ ಆಗುವ ಹಾಗಿಲ್ಲ. ದೊಡ್ಡಮ್ಮ ಹೇಳಿದ್ದು ಮಾತ್ರ ಸತ್ಯ, ಇವತ್ತಿನವರೆಗೆ ಒಂದು ಹುಳ ಬಂದಿಲ್ಲ. ಶ್ರುತಪಂಚಮಿ ಬಂದಾಗ ಗಂಟು ಬಿಚ್ಚುತ್ತೇನೆ, ಎಣ್ಣೆಯ ಬಾಟಲಿ ಪಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ. ಹಚ್ಚಬೇಕಾ ಬೇಡವಾ ಅಂತ ಗೊತ್ತಾಗುವುದಿಲ್ಲ.

ನಿಮ್ಮ ಮನೆಯಲ್ಲಿ ಯಾರಾದರೂ ಪ್ರೀತಿಯಿಂದಲೇ ಒಂದು ವಸ್ತುವನ್ನು ಹಾಳು ಮಾಡಿದ್ದುಂಟಾ? ಅವರಿಗೆ ಹೇಳಿದಿರಾ, ನುಂಗಿಕೊಂಡಿರಾ? ಆ ವಸ್ತು ಈಗ ಎಲ್ಲಿ ಉಂಟು? ಕೆಳಗೆ ಬರೆಯಿರಿ. ಉದ್ದವಾದರೂ ಪರವಾಗಿಲ್ಲ, ಕೂತು ಓದುತ್ತೇನೆ.